ಹಿಮ್ಮಡಿಯ ಒಂದು ಹನಿ ರಕ್ತ ತಕ್ಕಡಿಗೇರಲಿ

ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಮನೆಗೆ ಹೊರಡುವ ಮುನ್ನ ಮೂರು ಕೆಲಸ ಆಗಬೇಕು. ಎಡತೋಳಿಗೆ ಬಿಸಿಜಿ, ಬಾಯಿಗೆ ಎರಡು ಹನಿ ಪೋಲಿಯೊ, ತೊಡೆಗೆ ಹೆಪಟೈಟಿಸ್-ಬಿ. ನರ್ಸ್ ಕಾರ್ಡಿನಲ್ಲಿ ದಿನಾಂಕ ಬರೆಯುತ್ತಾರೆ, ಅಜ್ಜಿ ಮಗುವನ್ನು ಹಳೇ ಸೀರೆಯ ಮೆತ್ತನೆ ತುಂಡಿನಲ್ಲಿ ಸುತ್ತಿಕೊಳ್ಳುತ್ತಾಳೆ, ಗೇಟಿನ ಮುಂದೆ ಆಟೊ ಬಂದು ನಿಲ್ಲುತ್ತದೆ. ಅಲ್ಲಿಂದ ಐದಾರು ಕಿಲೋಮೀಟರ್ ಆಚೆ, ಇಂದಿರಾನಗರದ ಖಾಸಗಿ ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿಗೆ ಬಹಳಷ್ಟು ಸಲ ನಾಲ್ಕನೆಯ ಕೆಲಸವೂ ಆಗಿರುತ್ತದೆ. ಹಿಮ್ಮಡಿಯ ಅಂಚಿಗೆ ಸಣ್ಣದಾಗಿ ಚುಚ್ಚಿ, ದಪ್ಪ ಸೋಸುಕಾಗದದ ಮೇಲೆ ಅಚ್ಚು ಹಾಕಿದ ವೃತ್ತಗಳಲ್ಲಿ ರಕ್ತ ಇಂಗಿಸಿ, ಆ ಕಾಗದವನ್ನು ಒಣಗಿಸಿ ಲ್ಯಾಬಿಗೆ ಕಳಿಸುತ್ತಾರೆ. ಬಿಲ್ಲಿನಲ್ಲಿ ಅದಕ್ಕೆಂದು ಕೆಲವು ಸಾವಿರ ರೂಪಾಯಿ ಸೇರುತ್ತದೆ.

ಈ ನಾಲ್ಕನೆಯ ಕೆಲಸ ಗೋಷಾ, ಬೌರಿಂಗ್, ಹಲಸೂರು, ಸಿ.ವಿ. ರಾಮನ್ ನಗರ, ಕೆ.ಆರ್. ಪುರದ ಸರ್ಕಾರಿ ಮತ್ತು ಪಾಲಿಕೆ ಆಸ್ಪತ್ರೆಗಳಲ್ಲಿ ಹುಟ್ಟುವ ಪ್ರತಿ ಮಗುವಿಗೂ ಸಿಗಬೇಕು. ಅದರಲ್ಲಿ ಕಿಣ್ವಗಳ ಅಳತೆಯೂ ಸೇರಬೇಕು. ಅಳೆಯುವ ಯಂತ್ರ ಈ ನಗರಕ್ಕೆ ಹೊಸದಲ್ಲ, ಅದನ್ನು ನಡೆಸಬಲ್ಲವರೂ ಇಲ್ಲಿದ್ದಾರೆ. ಹೆರಿಗೆ ವಾರ್ಡಿನಿಂದ ಯಂತ್ರದವರೆಗಿನ ದಾರಿಯನ್ನು ಮಾತ್ರ ಯಾರೂ ಹಾಕಿಲ್ಲ.

ಕಿಣ್ವ ಎಂದರೆ ಏನು ಎಂದು ತಿಳಿಯಲು ಲ್ಯಾಬಿಗೇ ಹೋಗಬೇಕಿಲ್ಲ, ರಾಗಿಸರಿ ಮಾಡುವ ಮನೆಗೆ ಹೋದರೂ ಸಾಕು. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಹುರಿದು ಬೀಸುವ ಪದ್ಧತಿ ಹಳೆಯದು. ಮೊಳಕೆ ಒಡೆಯುವಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಹೆಚ್ಚುತ್ತದೆ. ಅದು ಪಿಷ್ಟದ ಉದ್ದ ಸರಪಣಿಯನ್ನು ತುಂಡು ತುಂಡು ಮಾಡುತ್ತದೆ. ಅದಕ್ಕೇ ಮೊಳಕೆ ರಾಗಿಯ ಸರಿ ತೆಳ್ಳಗಾಗುತ್ತದೆ, ಸ್ವಲ್ಪ ಸಿಹಿಯಾಗುತ್ತದೆ, ಮಗುವಿನ ಹೊಟ್ಟೆಗೆ ಹಗುರವಾಗುತ್ತದೆ. ಕಿಣ್ವ ಎಂಬ ಮಾತೇ ಹಿಂದೆ ಹುದುಗು ಬರಿಸುವ ಪದಾರ್ಥಕ್ಕಿದ್ದ ಹೆಸರು. ಅಡುಗೆಮನೆಯ ಈ ತಿಳಿವಳಿಕೆಯನ್ನೇ ವಿಜ್ಞಾನ ಅಂಕಿಗಳಲ್ಲಿ ಹೇಳುತ್ತದೆ: ಇಷ್ಟು ಹೊತ್ತಿನಲ್ಲಿ, ಇಷ್ಟು ಬಿಸಿಯಲ್ಲಿ, ಈ ಕಿಣ್ವ ಎಷ್ಟು ಸರಪಣಿ ಕತ್ತರಿಸಿತು?

ನಮ್ಮ ಜೀವಕೋಶಗಳೊಳಗೂ ಇಂಥ ಕತ್ತರಿಗಳಿವೆ. ಲೈಸೊಸೋಮ್ ಎಂಬ ಪುಟ್ಟ ಚೀಲಗಳಲ್ಲಿ ಕುಳಿತು ಅವು ಹಳೆಯ ಕೊಬ್ಬು, ಸಕ್ಕರೆ ಸರಪಣಿಗಳನ್ನು ಒಡೆದು ಮರುಬಳಕೆಗೆ ಕೊಡುತ್ತವೆ. ಬೆಲ್ಜಿಯಂನ ಕ್ರಿಶ್ಚಿಯನ್ ಡಿ ಡ್ಯೂವ್ ಈ ಚೀಲಗಳನ್ನು ಗುರುತಿಸಿ ಹೆಸರಿಟ್ಟದ್ದು 1955ರಲ್ಲಿ. ಒಂದು ಕತ್ತರಿ ಹುಟ್ಟಿನಿಂದಲೇ ಮೊಂಡಾಗಿದ್ದರೆ ಅದು ಒಡೆಯಬೇಕಾದ ಪದಾರ್ಥ ಚೀಲದಲ್ಲೇ ತುಂಬುತ್ತಾ ಹೋಗುತ್ತದೆ. ಹೀಗೆ ಬರುವ ಕಾಯಿಲೆಗಳು ಐವತ್ತಕ್ಕೂ ಹೆಚ್ಚು. ಗೌಚರ್ ಕಾಯಿಲೆಯಲ್ಲಿ ಗುಲ್ಮ ಊದುತ್ತದೆ, ಮೂಳೆ ಸವೆಯುತ್ತದೆ. ಶಿಶುಗಳಲ್ಲಿ ಕಾಣುವ ಪಾಂಪೆ ಕಾಯಿಲೆಯಲ್ಲಿ ಹೃದಯದ ಗೋಡೆ ದಪ್ಪವಾಗುತ್ತದೆ, ಮಗು ಕತ್ತು ನಿಲ್ಲಿಸುವುದೇ ಇಲ್ಲ. ಚಿಕಿತ್ಸೆ ಸಿಗದಿದ್ದರೆ ಇಂಥ ಮಕ್ಕಳಲ್ಲಿ ಹೆಚ್ಚಿನವರು ಮೊದಲ ಹುಟ್ಟುಹಬ್ಬ ನೋಡುವುದಿಲ್ಲ. ಎಂಪಿಎಸ್-1ರ ತೀವ್ರ ರೂಪವಾದ ಹರ್ಲರ್‌ನಲ್ಲಿ ಹುಟ್ಟುವಾಗ ಚೆನ್ನಾಗಿಯೇ ಕಾಣುವ ಮಗುವಿನ ಮುಖ, ಮೂಳೆ, ಬುದ್ಧಿ ಎಲ್ಲವೂ ನಿಧಾನಕ್ಕೆ ಬದಲಾಗುತ್ತವೆ.

ಎಲ್ಲರಿಗಿಂತ ಹೆಚ್ಚು ಅಲೆಯುವವರು ಈ ಮಕ್ಕಳ ಅಪ್ಪ ಅಮ್ಮ. ಮಗುವಿನ ಹೊಟ್ಟೆ ದಪ್ಪಗಾದರೆ ಮೊದಲು ದೃಷ್ಟಿ ತೆಗೆಸುತ್ತಾರೆ, ಆಮೇಲೆ ಜಂತುಹುಳದ ಮಾತ್ರೆ. ಜ್ವರ ಬಂದರೆ ಮಲೇರಿಯಾ ಇರಬಹುದು, ರಕ್ತದ ಕಣ ಕಡಿಮೆಯಾದರೆ ರಕ್ತದ ಕ್ಯಾನ್ಸರ್ ಇರಬಹುದು ಎಂದು ಪರೀಕ್ಷೆಯ ಮೇಲೆ ಪರೀಕ್ಷೆ. ಕ್ಲಿನಿಕ್ಕಿನಿಂದ ದೊಡ್ಡಾಸ್ಪತ್ರೆ, ಅಲ್ಲಿಂದ ಇನ್ನೂ ದೊಡ್ಡಾಸ್ಪತ್ರೆ. ಕಡೆಗೆ ಯಾರೋ ಒಬ್ಬ ವೈದ್ಯರಿಗೆ ಸಂಶಯ ಬಂದು ಕಿಣ್ವದ ಪರೀಕ್ಷೆ ಬರೆದುಕೊಡುವ ಹೊತ್ತಿಗೆ ವರ್ಷಗಳು ಕಳೆದಿರುತ್ತವೆ. ಎಷ್ಟೋ ಮನೆಗಳಲ್ಲಿ ಅಷ್ಟರೊಳಗೆ ಎರಡನೆಯ ಮಗುವೂ ಹುಟ್ಟಿರುತ್ತದೆ, ಅದೇ ಕಾಯಿಲೆಯೊಂದಿಗೆ. ಈ ಕಾಯಿಲೆಗಳ ಪೈಕಿ ಹೆಚ್ಚಿನವು ತಂದೆ, ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಕಾಣಿಸುವಂಥವು. ಇಬ್ಬರೂ ಆರೋಗ್ಯವಾಗಿಯೇ ಇರುತ್ತಾರೆ, ಆದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು.

ಹಾಗಾದರೆ ಹುಟ್ಟಿದ ವಾರದಲ್ಲೇ ಕತ್ತರಿಯ ಹರಿತವನ್ನು ನೋಡಲು ಆಗುತ್ತದೆಯೇ? ಆಗುತ್ತದೆ. ಹೇಗೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಪರೀಕ್ಷೆಯ ಬಲ, ಅದರ ಮಿತಿ ಎರಡೂ ಅಳೆಯುವ ಬಗೆಯಲ್ಲೇ ಇವೆ.

ಸೋಸುಕಾಗದದ ಮೇಲೆ ರಕ್ತ ಒಣಗಿಸುವ ಉಪಾಯ ಅಮೆರಿಕದ ರಾಬರ್ಟ್ ಗತ್ರಿಯವರದು. ಹೆಂಡತಿಯ ಸೋದರಿಯ ಮಗಳಿಗೆ ಫಿನೈಲ್‌ಕೀಟೋನ್ಯೂರಿಯಾ ಎಂಬ ಕಾಯಿಲೆ ಇದ್ದದ್ದು ಅವರನ್ನು ಈ ಕೆಲಸಕ್ಕೆ ಹಚ್ಚಿತು. 1960ರ ದಶಕದ ಆರಂಭದಲ್ಲಿ ಅವರ ಪರೀಕ್ಷೆ ಬಳಕೆಗೆ ಬಂತು. ಆದರೆ ಅದು ಅಳೆಯುತ್ತಿದ್ದದ್ದು ರಕ್ತದಲ್ಲಿ ಶೇಖರವಾದ ಅಮೈನೊ ಆಮ್ಲವನ್ನು. ಒಣಗಿದ ರಕ್ತದ ಕಲೆಯೊಳಗೆ ಲೈಸೊಸೋಮಿನ ಕಿಣ್ವಗಳು ಇನ್ನೂ ಕೆಲಸ ಮಾಡಬಲ್ಲವು, ನೀರು ಸಿಕ್ಕರೆ ಮತ್ತೆ ಕತ್ತರಿಸಲು ಶುರುಮಾಡುತ್ತವೆ ಎಂದು ತೋರಿಸಿಕೊಟ್ಟವರಲ್ಲಿ ಮುಖ್ಯರು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ನೆಸ್ಟರ್ ಚಾಮೊಲೆಸ್. ಇದು ನಡೆದದ್ದು 2000ದ ನಂತರ. ಅವರು ಹೊಳಪಿನ ವಿಧಾನ ಬಳಸಿದರು. ಕಿಣ್ವ ಕತ್ತರಿಸಬೇಕಾದ ಪದಾರ್ಥಕ್ಕೆ ಒಂದು ಬಾಲ ಅಂಟಿಸುತ್ತಾರೆ. ಕತ್ತರಿಸಿದಾಗ ಬಾಲ ಬಿಡುಗಡೆಯಾಗಿ ಅತಿನೇರಳೆ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತದೆ. ಹೊಳಪು ಹೆಚ್ಚಿದಷ್ಟೂ ಕಿಣ್ವ ಚುರುಕು. ಬೆಂಗಳೂರಿನ ನಿಮ್ಹಾನ್ಸ್ ಸೇರಿದಂತೆ ದೇಶದ ಅನೇಕ ಲ್ಯಾಬುಗಳಲ್ಲಿ ಕಾಯಿಲೆ ಖಚಿತಪಡಿಸಲು ಈ ಹೊಳಪಿನ ಅಳತೆಯನ್ನು ನೆಚ್ಚಿಕೊಂಡು ಬಂದಿದ್ದಾರೆ. ಒಳ್ಳೆಯ ವಿಧಾನವೇ. ತೊಡಕು ಎರಡು: ಎಲ್ಲ ಬಾಲಗಳೂ ಒಂದೇ ಬಣ್ಣದಲ್ಲಿ ಹೊಳೆಯುವುದರಿಂದ ಒಂದು ಬಟ್ಟಲಿನಲ್ಲಿ ಒಂದೇ ಕಿಣ್ವ ನೋಡಬಹುದು, ಮತ್ತು ರಕ್ತದ ಕೆಂಪು ಆ ಹೊಳಪನ್ನು ಸ್ವಲ್ಪ ನುಂಗಿಬಿಡುತ್ತದೆ.

ಇಲ್ಲಿಗೆ ತಕ್ಕಡಿ ಬಂತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಗೆಲ್ಬ್, ಫ್ರಾಂಟಿಶೆಕ್ ಟ್ಯುರೆಚೆಕ್, ರೊನಾಲ್ಡ್ ಸ್ಕಾಟ್ ತಂಡ ಬೆಳಕನ್ನು ಬಿಟ್ಟು ತೂಕವನ್ನು ಹಿಡಿಯಿತು. ಚಾಮೊಲೆಸ್ ಅವರನ್ನೂ ಜೊತೆಗಿಟ್ಟುಕೊಂಡು 2004ರಲ್ಲಿ ಅವರು ಪ್ರಕಟಿಸಿದ ವಿಧಾನದಲ್ಲಿ, ಒಣರಕ್ತದ ಕಲೆಯಿಂದ ಐದು ಕಿಣ್ವಗಳನ್ನು ಮಾಸ್ ಸ್ಪೆಕ್ಟ್ರೊಮೀಟರ್‌ನಲ್ಲಿ ಒಟ್ಟಿಗೆ ಅಳೆಯಬಹುದಾಗಿತ್ತು. ಈ ಯಂತ್ರ ಅಣುಗಳಿಗೆ ವಿದ್ಯುತ್ ಹೊರಿಸಿ, ನಿರ್ವಾತದಲ್ಲಿ ಓಡಿಸಿ, ತೂಕ ನೋಡಿ ಬೇರ್ಪಡಿಸುತ್ತದೆ. ಒಂದೊಂದು ಕಿಣ್ವಕ್ಕೂ ಬೇರೆ ಬೇರೆ ತೂಕದ ತುಂಡು ಹುಟ್ಟುವಂತೆ ಪದಾರ್ಥಗಳನ್ನು ತಯಾರಿಸಿದರೆ, ಎಲ್ಲವನ್ನೂ ಬೆರೆಸಿ ಒಮ್ಮೆಗೇ ತೂಗಬಹುದು. ರಸೆಲ್ ಮಾರ್ಕೆಟ್ಟಿನ ವ್ಯಾಪಾರಿ ಐದು ಬಗೆಯ ಕಾಳು ಬೆರೆತ ಮೂಟೆಯನ್ನು ಬಣ್ಣ ನೋಡದೆ, ಪ್ರತಿ ಕಾಳಿನ ತೂಕದಿಂದಲೇ ವಿಂಗಡಿಸಿದಂತೆ.

ಲ್ಯಾಬಿನ ಮೇಜಿನ ಮೇಲೆ ನಡೆಯುವುದು ಹೀಗೆ. ಕಾಗದದ ರಕ್ತದ ಕಲೆಯಿಂದ ಮೂರು ಮಿಲಿಮೀಟರಿನಷ್ಟು ಅಗಲದ ಬಿಲ್ಲೆಯೊಂದನ್ನು ಪಂಚಿಂಗ್ ಯಂತ್ರ ಕತ್ತರಿಸಿ ತಟ್ಟೆಯ ಗುಳಿಗೆ ಬೀಳಿಸುತ್ತದೆ. ಅದರಲ್ಲಿ ಇರುವ ರಕ್ತ ಸುಮಾರು ಮೂರು ಮೈಕ್ರೊಲೀಟರ್. ಸಾಸಿವೆ ಕಾಳಿನ ಗಾತ್ರದ ಹನಿ ಎನ್ನಬಹುದು. ಅದರ ಮೇಲೆ ಹುಳಿಯ ದ್ರಾವಣ ಹಾಕುತ್ತಾರೆ, ಲೈಸೊಸೋಮಿನ ಕಿಣ್ವಗಳಿಗೆ ಹುಳಿಯೇ ಇಷ್ಟ. ಜೊತೆಗೆ ಕಿಣ್ವ ಕತ್ತರಿಸಬೇಕಾದ ಪದಾರ್ಥಗಳು. ಇನ್ನೊಂದು ಮುಖ್ಯ ವಸ್ತು ಆಂತರಿಕ ಮಾಪಕ: ಹುಟ್ಟಬೇಕಾದ ತುಂಡಿನಂತೆಯೇ ಇರುವ, ಆದರೆ ಭಾರದ ಹೈಡ್ರೋಜನ್ ಸೇರಿಸಿ ತುಸು ತೂಕ ಹೆಚ್ಚಿಸಿದ ಅಣು. ಇದನ್ನು ಗೊತ್ತಿರುವ ಪ್ರಮಾಣದಲ್ಲಿ ಹಾಕಿರುತ್ತಾರೆ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡುವ ತೂಕದ ಕಲ್ಲು ಇದೇ. ತಟ್ಟೆಯನ್ನು ಮುಚ್ಚಿ ರಾತ್ರಿಯಿಡೀ 37 ಡಿಗ್ರಿ ಬೆಚ್ಚಗಿನಲ್ಲಿ ಅಲ್ಲಾಡಿಸುತ್ತಾರೆ. ಮಗುವಿನ ಮೈಯ ಬಿಸಿಯೂ ಅಷ್ಟೇ. ಬೆಳಿಗ್ಗೆ ಪ್ರತಿಕ್ರಿಯೆ ನಿಲ್ಲಿಸಿ, ಉಪ್ಪು, ಜಿಡ್ಡು ತೊಳೆದು, ಯಂತ್ರಕ್ಕೆ ಊಡುತ್ತಾರೆ. ಒಂದು ಮಾದರಿಗೆ ಯಂತ್ರದಲ್ಲಿ ಬೇಕಾಗುವುದು ಎರಡು ಮೂರು ನಿಮಿಷ.

ಲೆಕ್ಕ ಹತ್ತನೇ ತರಗತಿಯವರಿಗೂ ಅರ್ಥವಾಗುವಂಥದ್ದು. ತೂಕದ ಕಲ್ಲಾಗಿ ಹಾಕಿದ್ದು ಅರ್ಧ ನ್ಯಾನೊಮೋಲ್, ಯಂತ್ರ ತೋರಿಸಿದ ಅನುಪಾತ ಅರ್ಧ ಎಂದಿಟ್ಟುಕೊಳ್ಳಿ. ಹಾಗಾದರೆ ಕಿಣ್ವ ಕತ್ತರಿಸಿ ಹುಟ್ಟಿಸಿದ್ದು ಕಾಲು ನ್ಯಾನೊಮೋಲ್. ಇದನ್ನು 3.2 ಮೈಕ್ರೊಲೀಟರ್ ರಕ್ತಕ್ಕೂ 16 ಗಂಟೆಗೂ ಭಾಗಿಸಿದರೆ, ಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 4.9 ಮೈಕ್ರೊಮೋಲ್. ರಕ್ತವಿಲ್ಲದ ಖಾಲಿ ಕಾಗದದ ಬಿಲ್ಲೆ ತೋರಿಸಿದ್ದನ್ನು ಇದರಲ್ಲಿ ಕಳೆಯುತ್ತಾರೆ. ಉಳಿದ ಅಂಕಿ ಆ ಮಗುವಿನ ಆ ಕಿಣ್ವದ ಚುರುಕು.

ಪಾಂಪೆ ಪರೀಕ್ಷೆಯಲ್ಲಿ ಒಂದು ಸೊಗಸಾದ ಉಪಾಯವಿದೆ. ಬೇಕಾದ ಕಿಣ್ವದ ಕೆಲಸವನ್ನೇ ಹೋಲುವ ಇನ್ನೊಂದು ಕಿಣ್ವ ಬಿಳಿರಕ್ತಕಣಗಳಲ್ಲಿದೆ. ಅದು ನಡುವೆ ಬಂದು ಕತ್ತರಿಸಿಬಿಟ್ಟರೆ ಕಾಯಿಲೆಯ ಮಗುವೂ ಆರೋಗ್ಯವಾಗಿದ್ದಂತೆ ಕಾಣುತ್ತದೆ. ಅದನ್ನು ಸುಮ್ಮನಾಗಿಸಲು ಹಾಕುವುದು ಅಕಾರ್ಬೋಸ್, ಸಕ್ಕರೆ ಕಾಯಿಲೆಯವರು ಊಟದ ಜೊತೆ ನುಂಗುವ ಅದೇ ಔಷಧಿ. ಅಜ್ಜನ ಡಬ್ಬಿಯ ಮಾತ್ರೆಯಲ್ಲಿರುವ ಪದಾರ್ಥ ಮೊಮ್ಮಗುವಿನ ಪರೀಕ್ಷೆಯನ್ನು ನಿಜವಾಗಿಸುತ್ತದೆ.

ಈಗ ಆರು ಕಿಣ್ವಗಳನ್ನು, ಅಂದರೆ ಗೌಚರ್, ಫ್ಯಾಬ್ರಿ, ಪಾಂಪೆ, ಎಂಪಿಎಸ್-1, ಕ್ರಾಬೆ, ನೀಮನ್-ಪಿಕ್ ಕಾಯಿಲೆಗಳಿಗೆ ಸಂಬಂಧಿಸಿದವನ್ನು, ಒಟ್ಟಿಗೆ ಅಳೆಯುತ್ತಾರೆ. ಇದರ ಲಾಭ ಸಮಯ, ಖರ್ಚಿನಲ್ಲಿ ಮಾತ್ರ ಇಲ್ಲ. ಕಿಣ್ವ ಪ್ರೋಟೀನ್. ಬಿಸಿಲಿಗೆ, ತೇವಕ್ಕೆ ಕೆಡುತ್ತದೆ. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿ ಅರ್ಧ ದಿನ ಬೆಂದ ಕಾಗದ, ಜುಲೈ ಮಳೆಯಲ್ಲಿ ಒಣಗುವ ಮೊದಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದ ಕಾಗದ ಎರಡೂ ಸುಳ್ಳು ಹೇಳುತ್ತವೆ. ಒಂದೇ ಕಿಣ್ವ ನೋಡಿದರೆ ಅದು ಮಗುವಿನ ದೋಷವೋ ಕಾಗದದ ದೋಷವೋ ಗೊತ್ತಾಗುವುದಿಲ್ಲ. ಆರನ್ನೂ ನೋಡಿದಾಗ ಆರೂ ಕುಸಿದಿದ್ದರೆ ಕಾಗದ ಕೆಟ್ಟಿರಬೇಕು ಎಂದು ಇನ್ನೊಂದು ಹನಿ ಕೇಳಬಹುದು. ಐದು ಸರಿಯಿದ್ದು ಒಂದು ಮಾತ್ರ ತಳ ಹಿಡಿದಿದ್ದರೆ ಅವತ್ತೇ ಮರುಪರೀಕ್ಷೆ ಶುರುವಾಗಬೇಕು.

ಇಷ್ಟೆಲ್ಲ ಸಿಯಾಟಲ್, ಬ್ಯೂನಸ್ ಐರಿಸ್ ಮಾತಾಯಿತು. ಶಿವಾಜಿನಗರಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರು ನಮ್ಮದೇ ರಾಜ್ಯದ ಹಳೆಯ ಪುಟವೊಂದನ್ನು ತಿರುವಿ ನೋಡಬೇಕು. ನವಜಾತ ಶಿಶುಗಳ ರಕ್ತ ತಪಾಸಣೆ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ನಡೆದದ್ದು ಕರ್ನಾಟಕದಲ್ಲಿ, 1980ರ ದಶಕದಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯ ಕಿಣ್ವಶಾಸ್ತ್ರಜ್ಞ ಎನ್. ಅಪ್ಪಾಜಿ ರಾವ್, ಎ. ರಾಧಾ ರಮಾ ದೇವಿ, ಎಚ್.ಎಸ್. ಸಾವಿತ್ರಿ ಮೊದಲಾದವರು, ಬ್ರಿಟಿಷ್ ತಳಿವಿಜ್ಞಾನಿ ಅಲನ್ ಬಿಟಲ್ಸ್ ಅವರ ಜೊತೆ ಸೇರಿ, 1,12,269 ನವಜಾತ ಶಿಶುಗಳ ಒಣರಕ್ತವನ್ನು ಅಮೈನೊ ಆಮ್ಲದ ದೋಷಗಳಿಗಾಗಿ ಪರೀಕ್ಷಿಸಿ 1988ರಲ್ಲಿ ವರದಿ ಪ್ರಕಟಿಸಿದರು. ಲಕ್ಷಕ್ಕೂ ಮಿಕ್ಕಿದ ಹಿಮ್ಮಡಿಗಳು! ಇಂದಿನ ಯಂತ್ರ ಆಗ ಇರಲಿಲ್ಲ. ಹಾಳೆಯ ಮೇಲೆ ಬಣ್ಣದ ಚುಕ್ಕಿಗಳನ್ನು ಬೇರ್ಪಡಿಸಿ, ಕಣ್ಣಿನಿಂದ ನೋಡಿ ಗುರುತಿಸಬೇಕಿತ್ತು. ಇದೇ ಗುಂಪು ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ತಾಯಂದಿರನ್ನು ಮಾತಾಡಿಸಿ ಇನ್ನೊಂದು ವಿಷಯವನ್ನೂ ದಾಖಲಿಸಿತು: ಹೆಚ್ಚುಕಡಿಮೆ ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲಿ ಆಗಿತ್ತು, ಅದರಲ್ಲೂ ಸೋದರಮಾವನಿಗೆ ಕೊಟ್ಟ ಹೆಣ್ಣುಮಕ್ಕಳೇ ಹೆಚ್ಚು.

ಸಂಬಂಧದಲ್ಲಿ ಮದುವೆಯಾದವರನ್ನು ದೂರುವುದು ಯಾರ ಕೆಲಸವೂ ಅಲ್ಲ. ಹೆಚ್ಚಿನ ಇಂಥ ದಂಪತಿಗಳಿಗೆ ಆರೋಗ್ಯವಂತ ಮಕ್ಕಳೇ ಹುಟ್ಟುತ್ತಾರೆ. ಆದರೆ ಒಂದೇ ಅಜ್ಜ ಅಜ್ಜಿಯಿಂದ ಬಂದ ದೋಷದ ಜೀನ್ ಗಂಡ ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಹಾಗಿರುವಾಗ ಹುಟ್ಟಿದೊಡನೆ ಅಳೆಯುವ ಅಗತ್ಯ ಬೇರೆ ನಾಡುಗಳಿಗಿಂತ ನಮಗೇ ಹೆಚ್ಚು. ನಾಲ್ಕು ದಶಕದ ಹಿಂದೆ ದೇಶಕ್ಕೆ ದಾರಿ ತೋರಿಸಿದ ರಾಜ್ಯ ಆ ಕೆಲಸವನ್ನು ಅಧ್ಯಯನದ ಮಟ್ಟದಲ್ಲೇ ಬಿಟ್ಟದ್ದು ದೊಡ್ಡ ನಷ್ಟ. 2008ರಲ್ಲಿ ಗೋವಾ ಸರ್ಕಾರ ತನ್ನ ನವಜಾತ ಶಿಶುಗಳಿಗೆ ತಪಾಸಣೆ ಶುರುಮಾಡಿದಾಗ ಪರೀಕ್ಷೆಯ ಹೊಣೆ ಹೊತ್ತದ್ದು ಬೆಂಗಳೂರಿನ ಲ್ಯಾಬ್. ಪಣಜಿಯ ಮಗುವಿನ ರಕ್ತವನ್ನು ಅಳೆದ ಊರು, ಹಲಸೂರಿನ ಮಗುವಿನ ರಕ್ತವನ್ನು ಅಳೆಯಲಾರದೆ? ಕೇರಳ ತನ್ನ ಸರ್ಕಾರಿ ಆಸ್ಪತ್ರೆಗಳಲ್ಲಿ ಥೈರಾಯ್ಡ್ ಕೊರತೆಯೂ ಸೇರಿ ನಾಲ್ಕು ಕಾಯಿಲೆಗಳಿಗೆ ಉಚಿತ ತಪಾಸಣೆ ನಡೆಸಿಕೊಂಡು ಬಂದಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಉಮ್ಮೀದ್ ಯೋಜನೆ 2019ರಲ್ಲಿ ಆರಿಸಿಕೊಂಡ ಏಳು ಹಿಂದುಳಿದ ಜಿಲ್ಲೆಗಳಲ್ಲಿ ನಮ್ಮ ಯಾದಗಿರಿಯೂ ಇದೆ. ಆದರೆ ಇಡೀ ರಾಜ್ಯದ ಮಕ್ಕಳ ಕಿಣ್ವ ಅಳೆಯುವ ಕಾರ್ಯಕ್ರಮ ಇನ್ನೂ ಬಂದಿಲ್ಲ.

ಮೊದಲು ಹೆಸರಿಸಿದ ಐದೂ ಆಸ್ಪತ್ರೆಗಳಿರುವ ನಗರದ ಪೂರ್ವ ಭಾಗವನ್ನೇ ಆರಿಸಲು ಕಾರಣವಿದೆ. ಇಲ್ಲಿನ ಭೂಗೋಳವೇ ವಾದ ಮಾಡುತ್ತದೆ. ನೇರಳೆ ಮೆಟ್ರೋ ಹತ್ತಿ ಹಲಸೂರು, ಇಂದಿರಾನಗರ, ಕೆ.ಆರ್. ಪುರ ದಾಟಿ ವೈಟ್‌ಫೀಲ್ಡಿನ ಐಟಿಪಿಎಲ್‌ಗೆ ಹೋದರೆ ಇನ್‌ಸ್ಟಿಟ್ಯೂಟ್ ಆಫ್ ಬಯೊಇನ್ಫರ್ಮ್ಯಾಟಿಕ್ಸ್ ಸಿಗುತ್ತದೆ. 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಮಾನವ ಪ್ರೋಟೀನುಗಳ ಮೊದಲ ಕರಡು ನಕ್ಷೆಗಳಲ್ಲಿ ಒಂದನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಜೊತೆ ಸೇರಿ ತಯಾರಿಸಿದ್ದು ಈ ಸಂಸ್ಥೆ. ಮೂವತ್ತು ಬಗೆಯ ಅಂಗಾಂಶ, ಕೋಶಗಳನ್ನು ಮಾಸ್ ಸ್ಪೆಕ್ಟ್ರೊಮೀಟರ್‌ನಲ್ಲಿ ಶೋಧಿಸಿ, 17,294 ಜೀನ್‌ಗಳ ಪ್ರೋಟೀನುಗಳನ್ನು ಆ ತಂಡ ಗುರುತಿಸಿತ್ತು. ಸಂಶೋಧನೆಯ ಯಂತ್ರ ಬೇರೆ, ದಿನಕ್ಕೆ ನೂರಾರು ಶಿಶುಗಳ ತಪಾಸಣೆ ಮಾಡುವ ಯಂತ್ರ ಬೇರೆ, ಅದು ನಿಜ. ಆದರೂ ತಕ್ಕಡಿಯ ವಿದ್ಯೆ ಬಲ್ಲವರು ಇದೇ ಮೆಟ್ರೋ ದಾರಿಯಲ್ಲಿ ದಿನಾ ಓಡಾಡುತ್ತಾರೆ. ಅದೇ ದಾರಿಯಲ್ಲಿ ಬಸುರಿಯರೂ ಸರ್ಕಾರಿ ಆಸ್ಪತ್ರೆಗೆ ಹೋಗುತ್ತಾರೆ.

ಗೋಷಾ ಆಸ್ಪತ್ರೆಯ ಹಿನ್ನೆಲೆಯೂ ಇಲ್ಲಿ ನೆನಪಾಗಬೇಕು. ಪರದೆ ಪಾಲಿಸುವ ಹೆಣ್ಣುಮಕ್ಕಳು ಗಂಡು ವೈದ್ಯರ ಬಳಿಗೆ ಹೋಗಲಾರದೆ ಮನೆಯಲ್ಲೇ ಸಾಯಬಾರದೆಂದು ದಂಡಿನ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಟ್ ಹಣ ಕೊಟ್ಟು ಕಟ್ಟಿಸಿದ ಆಸ್ಪತ್ರೆ ಅದು. ಯಾರಿಗೆ ಚಿಕಿತ್ಸೆ ತಲುಪುತ್ತಿಲ್ಲವೋ ಅವರ ಹತ್ತಿರಕ್ಕೇ ಚಿಕಿತ್ಸೆಯನ್ನು ಒಯ್ದ ಸ್ಥಳದಿಂದ ಈ ತಪಾಸಣೆ ಶುರುವಾದರೆ ಅದಕ್ಕಿಂತ ಸರಿಯಾದ ಆರಂಭ ಬೇರೆ ಇರಲಾರದು.

ಆಕ್ಷೇಪಗಳಿವೆ, ಅವು ಗಟ್ಟಿಯಾಗಿಯೇ ಇವೆ. ಮೊದಲನೆಯದು ದುಡ್ಡು. ಗೌಚರ್, ಪಾಂಪೆ, ಎಂಪಿಎಸ್-1 ಕಾಯಿಲೆಗಳಿಗೆ ಇರುವ ಒಂದು ಮುಖ್ಯ ಚಿಕಿತ್ಸೆ ಕಿಣ್ವವನ್ನೇ ಹೊರಗಿನಿಂದ ಡ್ರಿಪ್ ಮೂಲಕ ಕೊಡುವುದು. ವಾರಕ್ಕೊಮ್ಮೆಯೋ ಎರಡು ವಾರಕ್ಕೊಮ್ಮೆಯೋ, ಬದುಕಿರುವಷ್ಟು ಕಾಲ. ಮಗು ಬೆಳೆದಂತೆ ಡೋಸ್ ಬೆಳೆಯುತ್ತದೆ, ಖರ್ಚೂ ಬೆಳೆಯುತ್ತದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಈಗ ಒಬ್ಬ ರೋಗಿಗೆ 50 ಲಕ್ಷ ರೂಪಾಯಿವರೆಗೆ ನೆರವಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಆ ನೀತಿಯ ಒಂದು ಉತ್ಕೃಷ್ಟತಾ ಕೇಂದ್ರ. ಜೀವನವಿಡೀ ಬೇಕಾದ ಔಷಧಿಗೆ ಆ ಮೊತ್ತ ಬೇಗ ಮುಗಿಯುತ್ತದೆ. ಕರ್ನಾಟಕದ ಕುಟುಂಬಗಳು ಇದಕ್ಕಾಗಿ ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು. ಚಿಕಿತ್ಸೆ ಕೊಡಲಾಗದಿದ್ದರೆ ಕಾಯಿಲೆ ಪತ್ತೆಮಾಡಿ ಏನು ಫಲ ಎಂದು ಅಧಿಕಾರಿಗಳು ಕೇಳುವುದು ಇದಕ್ಕೇ.

ಎರಡನೆಯದು ಇನ್ನೂ ಸೂಕ್ಷ್ಮವಾದ ಸಮಸ್ಯೆ. ಕಿಣ್ವದ ಅಂಕಿ ಕಡಿಮೆ ಬಂದ ಮಾತ್ರಕ್ಕೆ ಕಾಯಿಲೆ ಎಂದಲ್ಲ. ಲ್ಯಾಬಿನ ಕೃತಕ ಪದಾರ್ಥವನ್ನು ಸರಿಯಾಗಿ ಕತ್ತರಿಸದ, ಆದರೆ ಮೈಯೊಳಗೆ ತನ್ನ ಕೆಲಸವನ್ನು ಸಾಕಷ್ಟು ಮಾಡುವ ಕಿಣ್ವಗಳಿವೆ. ನ್ಯೂಯಾರ್ಕ್ ರಾಜ್ಯ 2006ರಲ್ಲಿ ಕ್ರಾಬೆ ಕಾಯಿಲೆಗೆ ಎಲ್ಲ ಶಿಶುಗಳ ತಪಾಸಣೆ ಶುರುಮಾಡಿತು, ಮಾಸ್ ಸ್ಪೆಕ್ಟ್ರೊಮೀಟರ್‌ನಿಂದಲೇ. ಎಂಟು ವರ್ಷದಲ್ಲಿ ಸುಮಾರು 20 ಲಕ್ಷ ಮಕ್ಕಳನ್ನು ಪರೀಕ್ಷಿಸಿದಾಗ ಶೈಶವದ ಮಾರಕ ರೂಪ ಖಚಿತವಾದದ್ದು 5 ಮಕ್ಕಳಲ್ಲಿ. ನೂರಾರು ಕುಟುಂಬಗಳು ಕಾಯಿಲೆ ಬರಬಹುದು, ಬಾರದೆಯೂ ಇರಬಹುದು ಎಂಬ ಮಾತು ಕೇಳಿಸಿಕೊಂಡು ಮನೆಗೆ ಹೋದವು. ಆ ಐವರಲ್ಲೂ ಚಿಕಿತ್ಸೆಗೆಂದು ಮಾಡಿದ ರಕ್ತದ ಕಾಂಡಕೋಶ ಕಸಿಯ ತೊಡಕಿನಿಂದಲೇ ಇಬ್ಬರು ತೀರಿಕೊಂಡರು.

ಹಾಗೆಂದು ತೈವಾನಿನ ಅನುಭವ ಮರೆಯಲಾಗದು. 2005ರಲ್ಲಿ ಅಲ್ಲಿ ಪಾಂಪೆ ತಪಾಸಣೆ ಶುರುವಾಯಿತು, ಹೊಳಪಿನ ವಿಧಾನದಲ್ಲಿ. ಹುಟ್ಟಿದ ಕೆಲವೇ ವಾರಗಳಲ್ಲಿ ಸಿಕ್ಕ ಶಿಶುಗಳಿಗೆ ಕೂಡಲೇ ಡ್ರಿಪ್ ಹಾಕಿದರು. ಅವರ ಹೃದಯದ ಗಾತ್ರ ಇಳಿಯಿತು, ಅವರು ನಡೆಯಲು ಕಲಿತರು. ಲಕ್ಷಣ ಕಂಡ ಮೇಲೆ ಚಿಕಿತ್ಸೆ ಶುರುವಾದ ಅನೇಕ ಮಕ್ಕಳಿಗೆ ಅದು ಸಾಧ್ಯವಾಗಿರಲಿಲ್ಲ. ಔಷಧಿ ಒಂದೇ, ಖರ್ಚೂ ಹೆಚ್ಚುಕಡಿಮೆ ಒಂದೇ, ಶುರುಮಾಡಿದ ದಿನ ಮಾತ್ರ ಬೇರೆ. ಸರ್ಕಾರ ಹೇಗೂ 50 ಲಕ್ಷ ಖರ್ಚು ಮಾಡುವುದಾದರೆ ಅದನ್ನು ಸ್ನಾಯು ಸವೆದುಹೋದ ಮೇಲೆ ಮಾಡುವುದೋ, ಸವೆಯುವ ಮೊದಲೋ?

ಈ ಎರಡೂ ಪಾಠಗಳನ್ನು ಜೊತೆಗಿಟ್ಟು ನೋಡಿದರೆ ಪಟ್ಟಿ ಹೇಗಿರಬೇಕು ಎಂಬುದು ಸ್ಪಷ್ಟವಾಗುತ್ತದೆ. ಕ್ರಾಬೆ ಈಗ ಬೇಡ. ಮೊದಲು ಅಗ್ಗದ ಚಿಕಿತ್ಸೆ ಇರುವವು ಬರಲಿ. ಐಸಿಎಂಆರ್ ಐದು ನಗರಗಳಲ್ಲಿ ಲಕ್ಷಕ್ಕೂ ಹೆಚ್ಚು ಶಿಶುಗಳ ಮೇಲೆ ನಡೆಸಿದ ಅಧ್ಯಯನದಲ್ಲಿ 1,130 ಮಕ್ಕಳಿಗೆ ಒಬ್ಬರಂತೆ ಹುಟ್ಟು ಥೈರಾಯ್ಡ್ ಕೊರತೆ ಕಂಡಿತು. ಕರ್ನಾಟಕದಲ್ಲಿ ವರ್ಷಕ್ಕೆ ಹುಟ್ಟುವ ಸುಮಾರು 10 ಲಕ್ಷ ಮಕ್ಕಳಿಗೆ ಅದೇ ಲೆಕ್ಕ ಹಿಡಿದರೆ ಎಂಟು ನೂರಕ್ಕೂ ಹೆಚ್ಚು ಮಕ್ಕಳಾಗುತ್ತಾರೆ. ದಿನಕ್ಕೊಂದು ಅಗ್ಗದ ಮಾತ್ರೆ ಅವರ ಬುದ್ಧಿಯನ್ನು ಉಳಿಸುತ್ತದೆ. ಬಯೊಟಿನಿಡೇಸ್ ಎಂಬ ಕಿಣ್ವದ ಕೊರತೆಯೂ ಹಾಗೆಯೇ. ಬಿಟ್ಟರೆ ಸೆಳವು, ಕಿವುಡುತನ, ಕಣ್ಣಿನ ತೊಂದರೆ. ಹಿಡಿದರೆ ಬಯೊಟಿನ್ ಎಂಬ ವಿಟಮಿನ್ ಸಾಕು. ಅವುಗಳ ಜೊತೆಗೆ ಅದೇ ಕಾಗದದಿಂದ, ಅದೇ ಹನಿಯಿಂದ ಪಾಂಪೆ ಮತ್ತು ಎಂಪಿಎಸ್-1ರ ಕಿಣ್ವಗಳನ್ನು ತಕ್ಕಡಿಗೆ ಹಾಕಬೇಕು. ಈ ಎರಡರಲ್ಲಿ ವಾರಗಳ ವಿಳಂಬವೂ ಮಗುವಿನ ಬದುಕನ್ನೇ ಬದಲಿಸುತ್ತದೆ. ಅಂಕಿ ಕಡಿಮೆ ಬಂದರೆ ಅದೇ ಕಾಗದದ ಇನ್ನೊಂದು ಬಿಲ್ಲೆಯಿಂದ ಮರುಪರೀಕ್ಷೆ, ಆಮೇಲೆ ಜೀನ್ ಪರೀಕ್ಷೆ. ಅಷ್ಟು ಆಗುವವರೆಗೆ ತಾಯಿಯ ಮುಂದೆ ಕಾಯಿಲೆ ಎಂಬ ಮಾತನ್ನೇ ಆಡಬಾರದು.

ಕಿಣ್ವದ ಪರೀಕ್ಷೆಗೆ ಸರ್ಕಾರಿ ಆಸ್ಪತ್ರೆಯ ಮಟ್ಟಿಗೆ ಒಂದು ಅನುಕೂಲವಿದೆ. ಅಮೈನೊ ಆಮ್ಲದ ಪರೀಕ್ಷೆಗೆ ಮಗು ಎರಡು ದಿನ ಹಾಲು ಕುಡಿದಿರಬೇಕು. ಆದರೆ ಸಾಮಾನ್ಯ ಹೆರಿಗೆಯಾದ ಎಷ್ಟೋ ತಾಯಂದಿರು ಮನೆಯ ಕೆಲಸ, ಮೊದಲ ಮಗುವಿನ ಚಿಂತೆಯಿಂದ ಅದಕ್ಕೂ ಮೊದಲೇ ಹೊರಡುತ್ತಾರೆ. ಲೈಸೊಸೋಮಿನ ಕಿಣ್ವಗಳಿಗೆ ಹಾಲಿನ ಹಂಗಿಲ್ಲ. ಹೊರಡುವ ಗಳಿಗೆಯಲ್ಲಿ ಚುಚ್ಚಿದರೂ ಆ ಅಳತೆ ಸಿಗುತ್ತದೆ.

ಚುಚ್ಚುವ ಕೈ ಈಗಾಗಲೇ ಇದೆ. ಬಿಸಿಜಿ ಹಾಕುವ ನರ್ಸ್‌ಗೆ ಇದನ್ನು ಕಲಿಸುವುದು ಕಷ್ಟವಲ್ಲ: ಹಿಮ್ಮಡಿಯನ್ನು ಬೆಚ್ಚಗೆ ಮಾಡಬೇಕು, ನಡುಭಾಗ ಬಿಟ್ಟು ಅಂಚಿಗೆ ಚುಚ್ಚಬೇಕು, ಮೊದಲ ಹನಿ ಒರೆಸಿ ಎರಡನೆಯದನ್ನು ವೃತ್ತಕ್ಕೆ ಮುಟ್ಟಿಸಬೇಕು, ಕಾಗದವನ್ನು ಬಿಸಿಲಿಗಿಡದೆ ಮೂರು ನಾಲ್ಕು ಗಂಟೆ ಅಡ್ಡಡ್ಡ ಒಣಗಿಸಬೇಕು, ತೇವ ಹೀರುವ ಪೊಟ್ಟಣದ ಜೊತೆ ಚೀಲಕ್ಕೆ ಹಾಕಬೇಕು. ಅವರ ಮೇಲೆ ಈಗಲೇ ಇರುವ ಹೊರೆಯನ್ನು ನೋಡಿ ಇದಕ್ಕೆಂದು ಹೆಚ್ಚು ಸಿಬ್ಬಂದಿ ಕೊಡುವುದು ಇಲಾಖೆಯ ಕರ್ತವ್ಯ. ಶಿವಾಜಿನಗರದ ತಾಯಿಗೆ ದಖ್ಖನಿಯಲ್ಲಿ, ಹಲಸೂರಿನ ತಾಯಿಗೆ ತಮಿಳಿನಲ್ಲಿ, ಕೆ.ಆರ್. ಪುರದ ತಾಯಿಗೆ ಕನ್ನಡದಲ್ಲೋ ತೆಲುಗಿನಲ್ಲೋ, ಯಾಕೆ ಚುಚ್ಚುತ್ತಿದ್ದೇವೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು. ಬೇಡ ಎಂದರೆ ಬಿಡಬೇಕು. ಫಲಿತಾಂಶದ ಫೋನ್ ಕೂಡ ಅದೇ ಭಾಷೆಯಲ್ಲಿ, ಆ ಓಣಿಯ ಆಶಾ ಕಾರ್ಯಕರ್ತೆಗೆ ತಿಳಿಸಿಯೇ ಹೋಗಬೇಕು. ಮನೆ ಬದಲಿಸುವ ಬಾಡಿಗೆದಾರರ ಬಡಾವಣೆಗಳಲ್ಲಿ ನಂಬರ್ ಒಂದನ್ನೇ ನೆಚ್ಚಿಕೊಂಡರೆ ಮಗು ಕೈತಪ್ಪಿಹೋಗುತ್ತದೆ.

ರಾಜ್ಯದ ಆರೋಗ್ಯ ಇಲಾಖೆ ಮುಂದಿನ ಬಜೆಟ್ಟಿಗೆ ಮುನ್ನ ಈ ಐದು ಆಸ್ಪತ್ರೆಗಳಲ್ಲಿ ಒಂದು ವರ್ಷದ ತಪಾಸಣೆಗೆ ಆದೇಶ ಹೊರಡಿಸಲಿ, ಸಿಕ್ಕ ಮಕ್ಕಳ ಚಿಕಿತ್ಸೆಯ ಹೊಣೆಯನ್ನು ಅದೇ ಆದೇಶದಲ್ಲಿ ಬರೆಯಲಿ.

ಆ ಆದೇಶ ಬರುವವರೆಗೆ ಕಾಯಲಾಗದ ಮನೆಗಳೂ ಇವೆ. ಕಾರಣ ತಿಳಿಯದೆ ಮಗುವೊಂದನ್ನು ಕಳೆದುಕೊಂಡ ಕುಟುಂಬ, ಹೊಟ್ಟೆ ಊದಿ, ಕತ್ತು ನಿಲ್ಲದೆ, ಬೆಳವಣಿಗೆ ಹಿಂದೆ ಸರಿದು ತೀರಿಕೊಂಡ ಮಗು ಇದ್ದ ಕುಟುಂಬ, ಮತ್ತೆ ಬಸಿರಾದಾಗ ಮೊದಲ ತಪಾಸಣೆಯಲ್ಲೇ ವೈದ್ಯರಿಗೆ ಆ ಮಾತನ್ನು ಹೇಳಬೇಕು. ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೆ ಚೀಟಿ ಬರೆದುಕೊಡಿ ಎಂದು ಕೇಳಬೇಕು.